ಮಂಡಿ ನೆಲಕ್ಕೆ ತಾಗಿದರೆ ತಿರುವಿನ ಭಯ ಹೋಗುತ್ತದೆಯೇ?

ಪ್ರಶ್ನೆ: ನನಗೆ 31 ವರ್ಷ. ಬೈಕ್ ಓಡಿಸಲು ಶುರು ಮಾಡಿ ಎಂಟು ವರ್ಷ ಆಯಿತು. ಎರಡು ವರ್ಷದ ಹಿಂದೆ 400 ಸಿಸಿ ಬೈಕ್ ತೆಗೆದುಕೊಂಡೆ. ನೇರ ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ತಿರುವು ಬಂದರೆ ಮಾತ್ರ ಮೈಯೆಲ್ಲ ಬಿಗಿಯಾಗುತ್ತದೆ. ಹೋದ ತಿಂಗಳು ಗೆಳೆಯರ ಹಿಂದೆ ಅವರ ವೇಗದಲ್ಲೇ ಬೆಟ್ಟದ ರಸ್ತೆಯಲ್ಲಿ ಹೋಗುವಾಗ ಒಂದು ತಿರುವು ಅಂದುಕೊಂಡದ್ದಕ್ಕಿಂತ ಕಡಿದಾಗಿತ್ತು. ಗಾಬರಿಯಾಗಿ ಥ್ರಾಟಲ್ (ಆಕ್ಸಿಲರೇಟರ್) ಬಿಟ್ಟೆ, ಹಿಂದಿನ ಬ್ರೇಕ್ ತುಳಿದೆ. ಹಿಂದಿನ ಚಕ್ರ ಅಲುಗಾಡಿತು. ಬೈಕ್ ಎದುರಿನ ಲೇನ್‌ಗೆ ಹೋಯಿತು. ಎದುರಿಂದ ಲಾರಿ. ಅದರ ಮುಂದಿನ ಚಕ್ರ ಬಿಟ್ಟರೆ ನನಗೆ ಬೇರೇನೂ ಕಾಣಲಿಲ್ಲ. ಲಾರಿಯವರೇ ಪಕ್ಕಕ್ಕೆ ತೆಗೆದುಕೊಂಡದ್ದರಿಂದ ಉಳಿದೆ. ಒಬ್ಬ ಗೆಳೆಯ ಹೇಳುತ್ತಾನೆ, ರೇಸ್ ಟ್ರ್ಯಾಕ್‌ಗೆ ಹೋಗಿ ಮಂಡಿ ನೆಲಕ್ಕೆ ತಾಗಿಸುವುದು ಕಲಿ, ಭಯ ತಾನಾಗಿ ಹೋಗುತ್ತೆ ಅಂತ. ಇನ್ನೊಬ್ಬ, ತಿರುವಿನಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬಾರದು, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಂಡು ಜಾರದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಆಫ್ ಮಾಡಿ ಓಡಿಸಿದರೇ ಕೈ ಪಳಗುವುದು ಅನ್ನುತ್ತಾನೆ. ನನ್ನ ಟೈರಿನ ಎರಡೂ ಅಂಚಿನಲ್ಲಿ ಬೆರಳಗಲ ರಬ್ಬರ್ ಸವೆದೇ ಇಲ್ಲ. ಅದನ್ನು ನೋಡಿ ಎಲ್ಲರೂ ನಗುತ್ತಾರೆ. ಟ್ರ್ಯಾಕ್‌ನಲ್ಲಿ ಕಲಿತದ್ದು ರಸ್ತೆಗೆ ಬರುತ್ತದೆಯೇ? ಟೈರ್ ಬದಲಿಸಬೇಕೇ? ಅಥವಾ ನನ್ನಂಥವರು ಸಣ್ಣ ಬೈಕಿಗೇ ವಾಪಸ್ ಹೋಗುವುದು ಒಳ್ಳೆಯದೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆ ಇವೆ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಒಂದೇ, ಆ ಲಾರಿಯ ಚಕ್ರ. ಇನ್ನೊಮ್ಮೆ ಹಾಗಾದರೆ ಏನು ಮಾಡಲಿ, ಆಗದ ಹಾಗೆ ಏನು ಮಾಡಲಿ ಎಂಬುದಷ್ಟೇ ನಿಮಗೆ ಬೇಕಿರುವುದು. ವೇಗ ಕಲಿಯುವ ಆಸೆ ನನಗೆ ಆ ಪತ್ರದಲ್ಲಿ ಕಾಣಲಿಲ್ಲ. ಆ ಆಸೆ ನಿಮ್ಮ ಗೆಳೆಯರದು ಅನಿಸುತ್ತದೆ.

ನಾನು ಖಾಲಿ ಮೈದಾನದಲ್ಲೂ ಟ್ರ್ಯಾಕ್‌ನಲ್ಲೂ ಹದಿನೇಳು ವರ್ಷದಿಂದ ಕಲಿಸುತ್ತಿದ್ದೇನೆ. "ತಿರುವಿನಲ್ಲಿ ಭಯ ಸಾರ್" ಎಂದು ಬರುವವರಿಗೆ ಮೊದಲು ಹೇಳುವ ಮಾತು ಇದು: ತಿರುವಿನ ನಡುವೆ ಕಾಣಿಸಿಕೊಳ್ಳುವ ಭಯ ಹುಟ್ಟುವುದು ತಿರುವಿಗೆ ಐವತ್ತು ಮೀಟರ್ ಮುಂಚೆ. ಅಲ್ಲಿ ಅದನ್ನು ಸರಿ ಮಾಡದಿದ್ದರೆ ನಡುವೆ ಯಾವ ಜಾಣತನವೂ ಪೂರ್ತಿ ಕೆಲಸ ಮಾಡುವುದಿಲ್ಲ.

ಆವತ್ತು ನಡೆದದ್ದೇನು?

ನೀವು ಬರೆದದ್ದನ್ನೇ ನಿಧಾನವಾಗಿ ನೋಡೋಣ. ಗೆಳೆಯರು ಮುಂದೆ ಇದ್ದರು. ಅವರ ವೇಗವೇ ನಿಮ್ಮ ವೇಗವಾಗಿತ್ತು. ತಿರುವಿನ ಕೊನೆ ಕಾಣುತ್ತಿರಲಿಲ್ಲ, ಆದರೂ ಒಳಗೆ ಹೋದಿರಿ. ನಡುವೆ ಬಂದಾಗ "ಇದು ಆಗಲ್ಲ" ಅನ್ನಿಸಿತು. ಆ ಕ್ಷಣ ನಿಮ್ಮ ಕೈ, ಕಾಲು, ಕಣ್ಣು ಮೂರೂ ಒಟ್ಟಿಗೆ ತಪ್ಪು ಕೆಲಸ ಮಾಡಿದವು.

ಥ್ರಾಟಲ್ ಒಮ್ಮೆಲೇ ಮುಚ್ಚಿದಿರಿ. ಭಾರ ಮುಂದಿನ ಚಕ್ರದ ಕಡೆಗೆ ಸರಿಯಿತು, ಹಿಂದಿನ ಚಕ್ರ ಹಗುರಾಯಿತು. ಹಗುರಾದ ಅದೇ ಚಕ್ರಕ್ಕೆ ಬ್ರೇಕ್ ತುಳಿದಿರಿ. ಅಲುಗಾಡದೆ ಇನ್ನೇನು ಮಾಡುತ್ತದೆ? ಜತೆಗೆ ಎರಡೂ ಕೈಯಿಂದ ಹ್ಯಾಂಡಲ್ ಬಿಗಿ ಹಿಡಿದಿರಿ. ನೀವು ಹಾಗೆ ಬರೆದಿಲ್ಲ, ಆದರೆ ಹಿಡಿದೇ ಇರುತ್ತೀರಿ. ಎರಡೂ ಕೈ ಸೆಟೆದು ನಿಂತರೆ ಹ್ಯಾಂಡಲ್ ಆಡುವುದಿಲ್ಲ. ಹ್ಯಾಂಡಲ್ ಆಡದಿದ್ದರೆ ಬೈಕ್ ಇನ್ನಷ್ಟು ವಾಲುವುದಿಲ್ಲ. ಕಣ್ಣು ಲಾರಿಯ ಚಕ್ರಕ್ಕೆ ಅಂಟಿಕೊಂಡಿತ್ತು. ಕಣ್ಣು ಹೋದ ಕಡೆ ಬೈಕ್ ಹೋಗುತ್ತದೆ. ಇದು ಗಾದೆಯಲ್ಲ, ದಿನಾ ಕಾಣುವ ಸತ್ಯ.

ಇದನ್ನು ನಾನು ಮೈ ಮುರಿದುಕೊಂಡು ಕಲಿತವನು. ಕಲಿಯುವ ದಿನಗಳಲ್ಲಿ ಒಂದು ತಿರುವಿನ ಅಂಚಿನಲ್ಲಿ ಒಂದೇ ಒಂದು ಕಲ್ಲು ನೆಟ್ಟಿದ್ದರು. ಅದರ ಆಚೆ ಈಚೆ ಬೇಕಾದಷ್ಟು ಜಾಗ ಇತ್ತು. "ಆ ಕಲ್ಲಿಗೆ ಹೊಡೆಯಬಾರದು" ಅಂದುಕೊಂಡು ಅದನ್ನೇ ನೋಡುತ್ತಾ ನೇರ ಹೋಗಿ ಅದಕ್ಕೇ ಹೊಡೆದೆ. ಕಾಲಿನ ಗಂಟು ಮುರಿದು ಮೂರು ತಿಂಗಳು ಮನೆಯಲ್ಲಿ ಕೂತೆ. ಇವತ್ತಿಗೂ ಚಳಿಗಾಲದಲ್ಲಿ ಆ ಕಲ್ಲಿನ ನೆನಪಾಗುತ್ತದೆ.

ಈಗ ಸ್ವಲ್ಪ ಲೆಕ್ಕ. 40 ಮೀಟರ್ ತ್ರಿಜ್ಯದ ಒಂದು ತಿರುವು ಇದೆ ಅಂದುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋದರೆ ಬೈಕ್ ಸುಮಾರು 17-18 ಡಿಗ್ರಿ ವಾಲಿದರೆ ಸಾಕು. 50ರಲ್ಲಿ 26 ಡಿಗ್ರಿ ಬೇಕು. 60ರಲ್ಲಿ 35 ಡಿಗ್ರಿ. ಅಂದರೆ ವೇಗ ಒಂದೂವರೆ ಪಟ್ಟಾದಾಗ ವಾಲುವಿಕೆ ಎರಡು ಪಟ್ಟಾಯಿತು. ರಸ್ತೆಯಲ್ಲಿ ಮಾತ್ರ ಓಡಿಸಿದ ಹೆಚ್ಚಿನವರ ಮನಸ್ಸು 20-25 ಡಿಗ್ರಿ ದಾಟಿದರೆ "ಬಿದ್ದೆ" ಅನ್ನುತ್ತದೆ. ಒಳ್ಳೆಯ ಟೈರು, ಒಣಗಿದ ಚೊಕ್ಕಟ ರಸ್ತೆ ಇದ್ದರೆ ನಿಮ್ಮಂಥ ಬೈಕ್ 40 ಡಿಗ್ರಿಯನ್ನೂ ತಡೆಯುತ್ತದೆ. ಮೋಟೋಜಿಪಿ ರೇಸಿನ ಸವಾರರು 60 ದಾಟುತ್ತಾರೆ, ಅವರ ಟೈರ್, ಅವರ ಲೋಕ ಬೇರೆ ಬಿಡಿ. ಆವತ್ತು ನಿಮ್ಮ ಬೈಕಿಗೆ ತಿರುಗುವ ಶಕ್ತಿ ಇನ್ನೂ ಉಳಿದಿದ್ದಿರಬಹುದು. ಮುಗಿದದ್ದು ನಿಮ್ಮ ಧೈರ್ಯ. ಇದರಿಂದ ಎರಡು ದಾರಿ ಕಾಣುತ್ತದೆ. ಧೈರ್ಯದ ಮಿತಿಯನ್ನು ಸ್ವಲ್ಪ ಸ್ವಲ್ಪ ಮೇಲೇರಿಸುವುದು ಒಂದು. ಒಳಗೆ ಹೋಗುವ ವೇಗವನ್ನು 10 ಕಿ.ಮೀ. ಇಳಿಸುವುದು ಇನ್ನೊಂದು. ಎರಡನೆಯದನ್ನು ಇವತ್ತು ಸಂಜೆಯೇ ಶುರು ಮಾಡಬಹುದು, ಖರ್ಚೂ ಇಲ್ಲ.

ಗೆಳೆಯರ ಮಾತು ಎಷ್ಟು ನಿಜ?

ಮಂಡಿಯ ವಿಷಯ ಮೊದಲು ಮುಗಿಸೋಣ. ಮಂಡಿ ಚಾಚಿ, ದೇಹವನ್ನು ಬೈಕಿನ ಒಳಬದಿಗೆ ಇಳಿಸಿ ತಿರುಗುವ ರೀತಿ ರೇಸಿನಲ್ಲಿ 1970ರ ದಶಕದಲ್ಲಿ ಹಬ್ಬಿತು. ಫಿನ್ಲೆಂಡಿನ ಯಾರ್ನೊ ಸಾರಿನೆನ್, ಅಮೆರಿಕದ ಕೆನ್ನಿ ರಾಬರ್ಟ್ಸ್ ಇದನ್ನು ಎಲ್ಲರ ಕಣ್ಣಿಗೆ ಬೀಳಿಸಿದವರು. ಇದರ ಉದ್ದೇಶವನ್ನು ಮಾತ್ರ ಎಷ್ಟೋ ಜನ ತಲೆಕೆಳಗಾಗಿ ತಿಳಿದಿದ್ದಾರೆ. ದೇಹದ ಭಾರ ಒಳಕ್ಕೆ ಬಂದರೆ ಅದೇ ವೇಗಕ್ಕೆ ಬೈಕ್ ಕಡಿಮೆ ವಾಲಿದರೆ ಸಾಕಾಗುತ್ತದೆ. ಬೈಕನ್ನು ಜಾಸ್ತಿ ಮಲಗಿಸುವುದಕ್ಕಲ್ಲ, ಕಡಿಮೆ ಮಲಗಿಸುವುದಕ್ಕೆ ಇರುವ ಉಪಾಯ ಅದು. ಮಂಡಿ ನೆಲಕ್ಕೆ ತಾಗುವುದು ರೇಸ್ ಸವಾರನಿಗೆ ಒಂದು ಅಳತೆಪಟ್ಟಿ, "ಇಷ್ಟು ವಾಲಿದ್ದೇನೆ" ಎಂದು ತಿಳಿಸುತ್ತದೆ, ಅಷ್ಟೇ. ಟ್ರ್ಯಾಕ್‌ನಲ್ಲಿ ಎಷ್ಟೋ ಹುಡುಗರು ಮಂಡಿ ಮಾತ್ರ ಹೊರಗೆ ಚಾಚಿ, ತಲೆ ಮತ್ತು ಬೆನ್ನನ್ನು ಬೈಕಿನ ಆಚೆ ಬದಿಗೆ ಬಿಟ್ಟಿರುತ್ತಾರೆ. ಫೋಟೊ ಚೆನ್ನಾಗಿ ಬರುತ್ತದೆ. ಬೈಕ್ ಮಾತ್ರ ಬೇಕಾದ್ದಕ್ಕಿಂತ ಜಾಸ್ತಿ ವಾಲಿರುತ್ತದೆ.

ರಸ್ತೆಯಲ್ಲಿ ಮಂಡಿ ತಾಗಿತು ಅಂದರೆ ಕೈಯಲ್ಲಿದ್ದದ್ದನ್ನು ಬಹುಪಾಲು ಖರ್ಚು ಮಾಡಿಬಿಟ್ಟಿರಿ ಎಂದರ್ಥ. ಮುಂದೆ ಮರಳು, ಎಣ್ಣೆ, ನಾಯಿ, ನಿಂತ ವಾಹನ ಯಾವುದು ಬಂದರೂ ಉಳಿಸಿಕೊಂಡದ್ದು ಏನೂ ಇಲ್ಲ. ಹಾಗಾಗಿ ರಸ್ತೆಗೆ ಅದು ಬೇಡ. ಸೊಂಟವನ್ನು ಅರ್ಧ ಹಿಡಿಯಷ್ಟು ಒಳಕ್ಕೆ ಸರಿಸಿ, ಗಲ್ಲವನ್ನು ಒಳಬದಿಯ ಕನ್ನಡಿಯ ಕಡೆ ತಂದರೆ ಸಾಕು. ನೋಡಿದವರಿಗೆ ಗೊತ್ತೂ ಆಗುವುದಿಲ್ಲ.

ಟೈರಿನ ಅಂಚಿನ ರಬ್ಬರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನೀವು ಎಷ್ಟು ವಾಲಿಸಿದ್ದೀರಿ ಎಂದು ಅದು ಹೇಳುತ್ತದೆ. ಹೇಗೆ ಓಡಿಸುತ್ತೀರಿ ಎಂದು ಹೇಳುವುದಿಲ್ಲ. ಒಂದು ಮೈದಾನದಲ್ಲಿ ಅರ್ಧ ಗಂಟೆ ಸುಮ್ನೆ ಸುತ್ತು ಹೊಡೆದರೂ ಅಂಚು ಸವೆಯುತ್ತದೆ.

ಮುಂದಿನ ಬ್ರೇಕಿನ ಮಾತು ಅರ್ಧ ನಿಜ, ಅದಕ್ಕೇ ಅದು ಜಾಸ್ತಿ ಅಪಾಯ. ಮನೆಯಲ್ಲಿ ಇರುವುದು ಒಂದೇ ಕೊಡ ನೀರು ಅಂದುಕೊಳ್ಳಿ. ಪಾತ್ರೆ ತೊಳೆಯಲೂ ಅದೇ, ಬಟ್ಟೆ ಒಗೆಯಲೂ ಅದೇ. ಟೈರಿನ ಹಿಡಿತವೂ ಹಾಗೆ. ತಿರುಗಲು ಖರ್ಚಾದದ್ದು ಬ್ರೇಕಿಗೆ ಸಿಗುವುದಿಲ್ಲ. ಆದರೆ ಈ ಕೊಡದಲ್ಲೊಂದು ಮೋಜು ಇದೆ. ತಿರುಗಲು ಅರ್ಧ ಹಿಡಿತ ಬಳಸಿದರೆ ಬ್ರೇಕಿಗೆ ಅರ್ಧವಷ್ಟೇ ಉಳಿಯುವುದಲ್ಲ, ಲೆಕ್ಕದಲ್ಲಿ ನೂರಕ್ಕೆ ಸುಮಾರು 87 ಭಾಗ ಉಳಿಯುತ್ತದೆ. ಎರಡೂ ಬಲ ಒಂದಕ್ಕೊಂದು ಅಡ್ಡ ದಿಕ್ಕಿನಲ್ಲಿ ಇರುವುದರಿಂದ ಹೀಗೆ. ತಿರುಗಲು ಒಂಬತ್ತಾಣೆ ಹತ್ತಾಣೆ ಖರ್ಚಾದಾಗಲೂ ಬ್ರೇಕಿಗೆ ಚೆನ್ನಾಗಿಯೇ ಉಳಿದಿರುತ್ತದೆ. ಕೊನೆಯ ಆಣೆಗಳ ಹತ್ತಿರ ಹೋದಾಗ ಮಾತ್ರ ಧಡಾರನೆ ಖಾಲಿಯಾಗುತ್ತದೆ. ಆದ್ದರಿಂದ ಸಾಧಾರಣವಾಗಿ ವಾಲಿದ ಬೈಕಿಗೆ ಮುಂದಿನ ಬ್ರೇಕ್ ಹಾಕಬಹುದು. ಹಾಕುವ ರೀತಿಯಲ್ಲಿ ಎಲ್ಲ ಇದೆ. ಫಕ್ಕನೆ ಎಳೆದರೆ ಚಕ್ರ ಜಾರುತ್ತದೆ, ಇಲ್ಲವೇ ಬೈಕ್ ಎದ್ದು ನಿಂತು ನೇರ ಓಡುತ್ತದೆ. ಮೆಲ್ಲಗೆ ಒತ್ತಿದರೆ ವೇಗ ಇಳಿಯುತ್ತದೆ, ವೇಗ ಇಳಿದ ಹಾಗೆ ತಿರುವು ತಾನಾಗಿ ಒಳಕ್ಕೆ ಸಣ್ಣದಾಗುತ್ತದೆ. ಮುಂದಿನ ಬ್ರೇಕ್ ಮುಟ್ಟಲೇಬಾರದು ಎಂದು ನಂಬಿದವರ ಕಾಲು ಗಾಬರಿಯಲ್ಲಿ ಎಲ್ಲಿಗೆ ಹೋಗುತ್ತದೆ? ನಿಮ್ಮ ಕಾಲು ಹೋದಲ್ಲಿಗೇ.

ಇನ್ನು ಎಬಿಎಸ್. ಉತ್ಪಾದನೆಗೆ ಬಂದ ಬೈಕುಗಳಲ್ಲಿ ಎಲೆಕ್ಟ್ರಾನಿಕ್ ಎಬಿಎಸ್ ಮೊದಲು ಬಂದದ್ದು 1988ರಲ್ಲಿ, ಬಿಎಂಡಬ್ಲ್ಯು ಕೆ100ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅದು ಎಷ್ಟು ಸುಧಾರಿಸಿದೆ ಅಂದರೆ, ಗಾಬರಿಯಲ್ಲಿ ಅದಕ್ಕಿಂತ ಚೆನ್ನಾಗಿ ಬ್ರೇಕ್ ಹಾಕಬಲ್ಲ ಸಾಮಾನ್ಯ ಸವಾರನನ್ನು ನಾನು ನೋಡಿಲ್ಲ. ನಾನೂ ಆ ಸಾಮಾನ್ಯರಲ್ಲಿ ಒಬ್ಬ. ಆಫ್ ಮಾಡುವುದು ಬೇಡ. ಆದರೆ ಒಂದು ವಿಷಯ ತಿಳಿದಿರಲಿ. ಸಾಮಾನ್ಯ ಎಬಿಎಸ್‌ಗೆ ಬೈಕ್ ಎಷ್ಟು ವಾಲಿದೆ ಎಂದು ಗೊತ್ತಿರುವುದಿಲ್ಲ. ನೇರ ನಿಂತ ಬೈಕಿಗೆ ಅದು ದೇವರು, ಚೆನ್ನಾಗಿ ವಾಲಿದ ಬೈಕಿಗೆ ಅರ್ಧ ದೇವರು. ವಾಲುವಿಕೆಯನ್ನು ಅಳೆದು ಕೆಲಸ ಮಾಡುವ ಕಾರ್ನರಿಂಗ್ ಎಬಿಎಸ್ 2013ರ ಸುಮಾರಿಗೆ ಬಂತು, ಎಲ್ಲ ಬೈಕಿನಲ್ಲೂ ಇರುವುದಿಲ್ಲ. ನಿಮ್ಮದರಲ್ಲಿ ಯಾವುದಿದೆ ಎಂದು ಬೈಕಿನ ಜತೆ ಬಂದ ಪುಸ್ತಕದಲ್ಲಿ ನೋಡಿ. ಆ ಪುಸ್ತಕವನ್ನು ಯಾರೂ ತೆರೆಯುವುದಿಲ್ಲ, ಅಲ್ವಾ?

ಕೈ ಮಾಡುವ ಕೆಲಸ

ಬೈಕ್ ಹೇಗೆ ತಿರುಗುತ್ತದೆ ಎಂದು ಕೇಳಿದರೆ ಹತ್ತು ವರ್ಷ ಓಡಿಸಿದವರೂ "ಮೈ ವಾಲಿಸಿದರೆ ತಿರುಗುತ್ತೆ" ಅನ್ನುತ್ತಾರೆ. ಗಂಟೆಗೆ 20 ಕಿ.ಮೀ. ದಾಟಿದ ಮೇಲೆ ನಿಜವಾಗಿ ನಡೆಯುವುದು ಬೇರೆ. ಎಡಕ್ಕೆ ಹೋಗಬೇಕಾದರೆ ಎಡಗೈಯಿಂದ ಹ್ಯಾಂಡಲ್ಲನ್ನು ಮುಂದಕ್ಕೆ ಒತ್ತಬೇಕು. ಚಕ್ರ ಒಂದು ಕ್ಷಣ ಬಲಕ್ಕೆ ತಿರುಗುತ್ತದೆ, ಬೈಕ್ ಎಡಕ್ಕೆ ವಾಲುತ್ತದೆ, ಎಡಕ್ಕೆ ಹೋಗುತ್ತದೆ. ಬಲಕ್ಕಾದರೆ ಬಲಗೈ. ಇದಕ್ಕೆ ಕೌಂಟರ್‌ಸ್ಟೀರಿಂಗ್ ಎನ್ನುತ್ತಾರೆ. ಸೈಕಲ್ ಓಡಿಸುವವರೆಲ್ಲ ಇದನ್ನೇ ಮಾಡುತ್ತಾರೆ, ಆದರೆ ಮಾಡುತ್ತಿದ್ದೇವೆ ಎಂದು ಅವರಿಗೇ ಗೊತ್ತಿಲ್ಲ ಎನ್ನುವುದನ್ನು ವಿಮಾನ ಕಟ್ಟಿದ ವಿಲ್ಬರ್ ರೈಟ್ ನೂರು ವರ್ಷದ ಹಿಂದೆಯೇ ಗಮನಿಸಿದ್ದ. ಅವನೂ ತಮ್ಮನೂ ಮೊದಲು ಸೈಕಲ್ ಅಂಗಡಿ ಇಟ್ಟಿದ್ದವರು.

ಗೊತ್ತಿಲ್ಲದೆ ಮಾಡಿದರೆ ಏನು ನಷ್ಟ? ದಿನನಿತ್ಯಕ್ಕೆ ಏನೂ ಇಲ್ಲ. ಗಾಬರಿಯಲ್ಲಿ ನಷ್ಟ. ಅಮೆರಿಕದ ಲಾಸ್ ಏಂಜಲಿಸ್ ಸುತ್ತಮುತ್ತ ನಡೆದ 900 ಬೈಕ್ ಅಪಘಾತಗಳನ್ನು ಜಾಗಕ್ಕೇ ಹೋಗಿ ಪರೀಕ್ಷಿಸಿದ ತಂಡವೊಂದರ ವರದಿ 1981ರಲ್ಲಿ ಬಂತು. ತಂಡದ ಮುಖ್ಯಸ್ಥ ಹ್ಯಾರಿ ಹರ್ಟ್ ಹೆಸರಿನಿಂದ ಅದನ್ನು ಹರ್ಟ್ ವರದಿ ಎಂದೇ ಕರೆಯುತ್ತಾರೆ. ಅಪಾಯ ಕಂಡ ಮೇಲೆ ಸವಾರನಿಗೆ ಸಿಗುತ್ತಿದ್ದ ಸಮಯ ಸಾಮಾನ್ಯವಾಗಿ ಎರಡು ಸೆಕೆಂಡಿಗಿಂತ ಕಡಿಮೆ. ಆ ಸಮಯದಲ್ಲಿ ಅವರು ಮಾಡಿದ್ದೇನು? ಹಿಂದಿನ ಬ್ರೇಕ್ ಜಾಸ್ತಿ ತುಳಿದು ಸ್ಕಿಡ್ ಆದರು, ಮುಂದಿನ ಬ್ರೇಕ್ ಸಾಕಷ್ಟು ಹಾಕಲಿಲ್ಲ, ಹ್ಯಾಂಡಲ್ ಒತ್ತಿ ತಪ್ಪಿಸಿಕೊಳ್ಳುವುದು ಬಹುತೇಕ ಯಾರಿಗೂ ಹೊಳೆಯಲಿಲ್ಲ. ನಾಲ್ಕು ದಶಕ ಕಳೆದಿದೆ, ನಿಮ್ಮ ಪತ್ರದಲ್ಲೂ ಅದೇ ಕಥೆ. ನಿಮ್ಮನ್ನು ಚುಚ್ಚಲು ಹೇಳುತ್ತಿಲ್ಲ. ಕಲಿಸದಿದ್ದರೆ ಮನುಷ್ಯನ ಮೈ ಹಾಗೆಯೇ ವರ್ತಿಸುತ್ತದೆ.

ಕೈ ಸಡಿಲ ಬಿಡುವುದನ್ನು ನಾನು ಹೀಗೆ ಕಲಿಸುತ್ತೇನೆ. ಒಮ್ಮೆ ಒಬ್ಬರು ಬಂದಿದ್ದರು, ನಿಮ್ಮದೇ ವಯಸ್ಸು, ನಿಮ್ಮದೇ ಭಯ. ನಿಂತ ಬೈಕಿನ ಮೇಲೆ ಕೂರಿಸಿ "ತಿರುವು ಬಂತು ಅಂದುಕೊಳ್ಳಿ" ಅಂದೆ. ಅವರ ಮೊಣಕೈ ಕೆಳಗೆ ಎರಡು ಬೆರಳಿಟ್ಟು ಎತ್ತಲು ನೋಡಿದೆ. ಕೈಯ ಬದಲು ಬೈಕೇ ಅಲುಗಿತು! ಬೈಕ್ ನಿಂತೇ ಇದೆ, ತಿರುವು ಇರುವುದು ತಲೆಯಲ್ಲಿ, ಆದರೂ ಕೈ ಕಬ್ಬಿಣದ ಸಲಾಕೆ. ಆಮೇಲೆ ತೊಡೆಯಿಂದ ಟ್ಯಾಂಕನ್ನು ಒತ್ತಿ ಹಿಡಿಯಲು ಹೇಳಿದೆ, ಹೊಟ್ಟೆಯನ್ನು ಸ್ವಲ್ಪ ಬಿಗಿ ಮಾಡಲು ಹೇಳಿದೆ. ದೇಹದ ಭಾರವನ್ನು ಕಾಲು ಹೊತ್ತುಕೊಂಡಿತು, ಮೊಣಕೈ ತಾನಾಗಿ ಬಗ್ಗಿತು. ತಿರುವಿಗೆ ಮುಂಚೆ ಪ್ರತಿ ಸಲ ಕೋಳಿ ರೆಕ್ಕೆ ಬಡಿದ ಹಾಗೆ ಮೊಣಕೈಯನ್ನು ಒಮ್ಮೆ ಅಲುಗಿಸಿ ಎಂದು ಕಳಿಸಿದೆ. ನೋಡಿದವರು ನಗುತ್ತಾರೆ, ನಗಲಿ. ಅಲುಗಿತು ಅಂದರೆ ಕೈ ಸಡಿಲ ಇದೆ.

ಬ್ರೇಕ್ ಒತ್ತುವುದು ಇನ್ನೊಂದು ಕೈಗೆಲಸ. ಲಿವರನ್ನು ಎರಡು ಬೆರಳಿಂದ ಮೊದಲು ಸಡಿಲ ಹೋಗುವಷ್ಟು ಮಾತ್ರ ಎಳೆಯಿರಿ. ಮುಂದಿನ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಸ್ಪ್ರಿಂಗ್ ಕೊಳವೆಗಳು) ಮೆಲ್ಲಗೆ ತಗ್ಗುವುದು ಅಂಗೈಗೆ ತಿಳಿಯುತ್ತದೆ. ಭಾರ ಮುಂದಿನ ಟೈರಿನ ಮೇಲೆ ಕೂತಿತು ಎಂದು ಅದರ ಅರ್ಥ. ಆಮೇಲೆ ಒದ್ದೆ ಬಟ್ಟೆ ಹಿಂಡುವ ಹಾಗೆ ಬಿಗಿ ಹೆಚ್ಚಿಸುತ್ತಾ ಹೋಗಿ. ಇದೆಲ್ಲ ಅರ್ಧ ಸೆಕೆಂಡಿನೊಳಗಿನ ಕೆಲಸ. ಬಿಡುವಾಗಲೂ ಅಷ್ಟೇ ಮೆಲ್ಲಗೆ. ಟ್ರ್ಯಾಕ್‌ನಲ್ಲಿ ಹೊಸಬರು ಎಡವುವುದು ಹಾಕುವಾಗ ಅಲ್ಲ, ಬಿಡುವಾಗ. ಫಟ್ಟನೆ ಬಿಟ್ಟರೆ ಫೋರ್ಕ್ ಮೇಲೆದ್ದು ತಿರುವಿನ ಬಾಯಲ್ಲೇ ಬೈಕ್ ಅಲುಗುತ್ತದೆ.

ಟ್ರ್ಯಾಕ್‌ನಿಂದ ರಸ್ತೆಗೆ ಏನು ಬರುತ್ತದೆ?

ಬ್ರೇಕಿನ ಸ್ಪರ್ಶ ಬರುತ್ತದೆ, ದೂರ ನೋಡುವ ಅಭ್ಯಾಸ ಬರುತ್ತದೆ, ಸಡಿಲ ಕೈ ಬರುತ್ತದೆ. ಬೈಕ್ ಎಷ್ಟು ವಾಲಬಲ್ಲದು ಎಂಬ ನಂಬಿಕೆಯೂ ಬರುತ್ತದೆ. ಇದು ಸಣ್ಣ ಸಂಗತಿಯಲ್ಲ. 38 ಡಿಗ್ರಿಯನ್ನು ಒಂದು ದಿನ ನೂರು ಸಲ ಕಂಡವನಿಗೆ ರಸ್ತೆಯ 25 ಡಿಗ್ರಿ ಗಾಬರಿ ಹುಟ್ಟಿಸುವುದಿಲ್ಲ. ಈ ಲೆಕ್ಕದಲ್ಲಿ ನಿಮ್ಮ ಗೆಳೆಯ ಹೇಳಿದ್ದು ಪೂರ್ತಿ ಸುಳ್ಳಲ್ಲ.

ಬಾರದ್ದು ಏನೆಂದರೆ ದಾರಿಯ ಜ್ಞಾನ. ಟ್ರ್ಯಾಕ್‌ನಲ್ಲಿ ಅದೇ ತಿರುವಿಗೆ ಒಂದು ದಿನದಲ್ಲಿ ಐವತ್ತು ಸಲ ಹೋಗುತ್ತೀರಿ. ಎದುರಿಂದ ಯಾರೂ ಬರುವುದಿಲ್ಲ. ಏನಾದರೂ ಆದರೆ ಮಾರ್ಷಲ್ ಬಾವುಟ ಬೀಸುತ್ತಾನೆ, ತಪ್ಪಿದರೆ ಜಾರಲು ಜಾಗ ಇದೆ. ರಸ್ತೆಯ ತಿರುವಿಗೆ ನೀವು ಹೊಸಬರು. ನಿನ್ನೆ ಹೋದ ತಿರುವಿನಲ್ಲಿ ಇವತ್ತು ಜಲ್ಲಿ ಚೆಲ್ಲಿರಬಹುದು. ಆದ್ದರಿಂದ ಟ್ರ್ಯಾಕ್‌ನ ಗೆರೆಯನ್ನು, ಅಂದರೆ ಹೊರ ಅಂಚಿನಿಂದ ಒಳ ಅಂಚಿಗೆ, ಮತ್ತೆ ಹೊರ ಅಂಚಿಗೆ ಎಂದು ಇಡೀ ಅಗಲ ಬಳಸುವ ಚಾಳಿಯನ್ನು, ಗೇಟಿನಲ್ಲೇ ಬಿಟ್ಟು ಬನ್ನಿ. ರಸ್ತೆಯಲ್ಲಿ ನಿಮ್ಮ ಲೇನ್ ಮಾತ್ರ ನಿಮ್ಮದು. ಅದರಲ್ಲೂ ಒಂದು ಸೂಕ್ಷ್ಮ ಇದೆ. ಮಧ್ಯದ ಗೆರೆಯ ಕಡೆಗೆ ವಾಲುವ ತಿರುವಿನಲ್ಲಿ ಚಕ್ರ ಗೆರೆಯ ಒಳಗೇ ಇದ್ದರೂ ತಲೆ ಗೆರೆ ದಾಟಿರುತ್ತದೆ. ಎದುರಿನ ಲಾರಿಯ ಕನ್ನಡಿಗೆ ಬೇಕಾದದ್ದು ತಲೆಯೇ.

ರಸ್ತೆಗೆ ನಾನು ಹೇಳುವುದು ಇಷ್ಟು. ತಿರುವಿನಲ್ಲಿ ರಸ್ತೆಯ ಎರಡು ಅಂಚು ದೂರದಲ್ಲಿ ಒಂದಾದ ಹಾಗೆ ಕಾಣುವ ಜಾಗವನ್ನು ನೋಡುತ್ತಿರಿ. ಆ ಜಾಗ ನಿಮ್ಮಿಂದ ದೂರ ಓಡುತ್ತಿದ್ದರೆ ತಿರುವು ಬಿಚ್ಚುತ್ತಿದೆ, ವೇಗ ಸರಿ ಇದೆ. ಅದು ನಿಂತಲ್ಲೇ ನಿಂತರೆ, ಅಥವಾ ನಿಮ್ಮ ಕಡೆ ಬರುತ್ತಿದ್ದರೆ ತಿರುವು ಬಿಗಿಯಾಗುತ್ತಿದೆ. ಇನ್ನೂ ನೇರ ಇರುವಾಗಲೇ ವೇಗ ಇಳಿಸಿ. ಆವತ್ತು ನಿಮ್ಮ ತಿರುವು ಈ ಸುದ್ದಿಯನ್ನು ಮೊದಲೇ ಹೇಳಿತ್ತು. ನೀವು ನೋಡುತ್ತಿದ್ದದ್ದು ಮುಂದಿನ ಗೆಳೆಯನ ಹಿಂದಿನ ದೀಪ.

ಹಾಗೆಯೇ ತಿರುವಿನ ಕೊನೆ ಕಾಣುವವರೆಗೆ ಒಳ ಅಂಚಿಗೆ ಬೀಳಬೇಡಿ. ನಿಮ್ಮ ಲೇನಿನ ಹೊರಬದಿಯಲ್ಲೇ ಸ್ವಲ್ಪ ಹೊತ್ತು ಇದ್ದು, ದಾರಿ ಕಂಡ ಮೇಲೆ ಒಳಕ್ಕೆ ತಿರುಗಿ. ಅವಸರದಲ್ಲಿ ಬೇಗ ಒಳಕ್ಕೆ ಬಿದ್ದವರೇ ಕೊನೆಯಲ್ಲಿ ಹೊರಕ್ಕೆ ಹೋಗುವುದು.

ವೇಗ ಎಷ್ಟಿರಬೇಕು? ಕಾಣುವಷ್ಟು ದೂರದೊಳಗೆ ನಿಲ್ಲಿಸುವಷ್ಟು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ಯೋಚಿಸುವುದರೊಳಗೆ 17 ಮೀಟರ್ ಹೋಗುತ್ತದೆ. ಚೆನ್ನಾಗಿ ಬ್ರೇಕ್ ಹಾಕಿದರೂ ಮತ್ತೆ ಸುಮಾರು 20 ಮೀಟರ್. 90ರಲ್ಲಿ ಅದು 25 ಮತ್ತು 45, ಒಟ್ಟು 70 ಮೀಟರ್. ಇದು ಒಣ ರಸ್ತೆಯಲ್ಲಿ, ನೇರ ನಿಂತ ಬೈಕಿನ ಲೆಕ್ಕ.

ನಿಮ್ಮ ಮುಂದಿರುವ ದಾರಿಗಳು

ಮೊದಲನೆಯದು ಖಾಲಿ ಮೈದಾನ. ಇದನ್ನು ಯಾರೂ ಇಷ್ಟಪಡುವುದಿಲ್ಲ, ಬೇಸರದ ಕೆಲಸ. ನನ್ನ ಮಟ್ಟಿಗೆ ಹೆಚ್ಚು ಲಾಭ ಇರುವುದು ಇಲ್ಲೇ. ವಾರಕ್ಕೆ ಒಂದು ಗಂಟೆ ಸಾಕು. ಮೊದಲು ನೇರದಲ್ಲಿ ಬ್ರೇಕ್: 30 ಕಿ.ಮೀ. ವೇಗದಿಂದ ಶುರು ಮಾಡಿ, ಕೈ ಪಳಗಿದ ಮೇಲೆ 40, ಆಮೇಲೆ 50. ಎಬಿಎಸ್ ಕೆಲಸ ಮಾಡುವುದನ್ನು ಬೇಕೆಂದೇ ಅನುಭವಿಸಿ. ಲಿವರ್ ಬೆರಳ ಕೆಳಗೆ ಟಕಟಕ ಮಿಡಿಯುತ್ತದೆ. ಮೊದಲ ಸಲ ಅದನ್ನು ನಿಜವಾದ ಅಪಾಯದಲ್ಲಿ ಕಂಡವರು ಹೆದರಿ ಬ್ರೇಕ್ ಬಿಟ್ಟುಬಿಡುತ್ತಾರೆ. ಆಮೇಲೆ ಎಂಟರ ಆಕಾರದಲ್ಲಿ ನಿಧಾನ ಸುತ್ತು: ಕ್ಲಚ್ ಅರ್ಧ, ಹಿಂದಿನ ಬ್ರೇಕ್ ಲಘುವಾಗಿ, ಕಣ್ಣು ಯಾವಾಗಲೂ ಮುಂದಿನ ಅರ್ಧವೃತ್ತದ ಕಡೆ. ನಿಧಾನ ವೇಗದಲ್ಲಿ ಹಿಂದಿನ ಬ್ರೇಕ್ ನಿಮ್ಮ ಗೆಳೆಯ. ಕೊನೆಗೆ 35-40ರಲ್ಲಿ ಹ್ಯಾಂಡಲ್ ಒತ್ತಿ ಪಕ್ಕಕ್ಕೆ ಜರುಗುವುದು. ಎಡಗೈ ಒತ್ತು, ಬೈಕ್ ಎಡಕ್ಕೆ. ಬಲಗೈ ಒತ್ತು, ವಾಪಸ್. ಇಲ್ಲಿನ ಅಪಾಯ ಎರಡು. ನಿಧಾನ ಅಂತ ಕೈಗವಸು, ಬೂಟು ಬಿಟ್ಟು ಹೋಗುವುದು ಒಂದು. ತಿದ್ದುವವರಿಲ್ಲದೆ ತಪ್ಪನ್ನೇ ಗಟ್ಟಿ ಮಾಡಿಕೊಳ್ಳುವುದು ಇನ್ನೊಂದು. ಫೋನನ್ನು ಒಂದು ಕಡೆ ನಿಲ್ಲಿಸಿ ವಿಡಿಯೊ ಮಾಡಿ, ಅರ್ಧ ತಪ್ಪು ನಿಮಗೇ ಕಾಣುತ್ತದೆ.

ಎರಡನೆಯದು ಕಲಿಸುವವರ ಜತೆ ರಸ್ತೆ. ಒಳ್ಳೆಯ ಶಿಕ್ಷಕ ನಿಮ್ಮ ಹಿಂದೆ ಬರುತ್ತಾನೆ, ನಿಮ್ಮ ಗೆರೆ ನೋಡುತ್ತಾನೆ. ಮುಂದೆ ಹೋಗಿ "ನನ್ನ ಹಿಂದೆ ಬಾ" ಎಂದಷ್ಟೇ ಹೇಳುವವರು ಶಿಕ್ಷಕರಲ್ಲ, ನಿಮ್ಮ ಗೆಳೆಯರ ಹಾಗೆ ಇನ್ನೊಬ್ಬರು.

ಮೂರನೆಯದು ಟ್ರ್ಯಾಕ್. ಹೋಗಿ, ಆದರೆ ಟ್ರ್ಯಾಕ್ ಡೇಗೂ ಟ್ರ್ಯಾಕ್ ಶಾಲೆಗೂ ವ್ಯತ್ಯಾಸ ತಿಳಿದು ಹೋಗಿ. ಮೊದಲನೆಯದರಲ್ಲಿ ಬಾಗಿಲು ತೆರೆದು ಬಿಡುತ್ತಾರೆ, ಎರಡನೆಯದರಲ್ಲಿ ಕಲಿಸುತ್ತಾರೆ. ನಿಮಗೆ ಬೇಕಿರುವುದು ಎರಡನೆಯದು, ಅದೂ ಹೊಸಬರ ಗುಂಪು. ಇಲ್ಲಿ ಅಪಾಯ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಟೈರ್ ತಣ್ಣಗಿರುವ ಮೊದಲ ಎರಡು ಸುತ್ತಿನಲ್ಲಿ ಬೀಳುತ್ತಾರೆ, ನಾನೂ ಬಿದ್ದಿದ್ದೇನೆ. ನಾನು ನೋಡಿದ ಬೀಳುವಿಕೆಗಳಲ್ಲಿ ಜಾಸ್ತಿ ಆದದ್ದು ಮಧ್ಯಾಹ್ನದ ಮೇಲೆ, ಮೈ ದಣಿದು ಧೈರ್ಯ ಏರಿದಾಗ. ಕೊನೆಯ ಸೆಷನ್ ಬಿಟ್ಟುಬಿಡಿ, ದುಡ್ಡು ಹೋಯಿತು ಅನ್ನಬೇಡಿ. ವಿಮೆ ಟ್ರ್ಯಾಕ್‌ನ ನಷ್ಟಕ್ಕೆ ಅನ್ವಯಿಸುತ್ತದೆಯೇ ಎಂದು ಮೊದಲೇ ಕೇಳಿ, ಬಹಳಷ್ಟು ಸಲ ಉತ್ತರ ಇಲ್ಲ ಎಂದೇ ಇರುತ್ತದೆ. ಮುಖ್ಯ ಅಪಾಯ ಮಾತ್ರ ಮನೆಗೆ ವಾಪಸ್ ಬರುವ ದಾರಿಯಲ್ಲಿ. ಇಡೀ ದಿನ 120ರಲ್ಲಿ ಹೋದ ಕಣ್ಣಿಗೆ ರಸ್ತೆಯ 80 ನಡಿಗೆಯ ಹಾಗೆ ಕಾಣುತ್ತದೆ. ಆ ಒಂದೆರಡು ಗಂಟೆ ಸ್ಪೀಡೋಮೀಟರ್ ನೋಡಿ ಓಡಿಸಿ, ಕಣ್ಣನ್ನು ನಂಬಬೇಡಿ.

ಗೆಳೆಯರ ಜತೆ ಹೋಗುವುದನ್ನು ಮೂರು ತಿಂಗಳು ನಿಲ್ಲಿಸಿ, ಅಥವಾ ಎಲ್ಲರಿಗಿಂತ ಹಿಂದೆ ಇರಿ, ಮುಂದಿನ ಟೀ ಅಂಗಡಿಯಲ್ಲಿ ಸಿಗೋಣ ಎಂದು ಹೇಳಿಬಿಡಿ. ಇಷ್ಟು ಹೇಳಲು ಆಗದಿದ್ದರೆ ಉಳಿದ ಸಲಹೆಗಳು ಉಪಯೋಗಕ್ಕೆ ಬರುವುದು ಕಷ್ಟ.

ಮತ್ತೆ ಅದೇ ಸ್ಥಿತಿ ಬಂದರೆ? ಎಷ್ಟೇ ಅಭ್ಯಾಸ ಮಾಡಿದರೂ ಒಮ್ಮೆ ಬರುತ್ತದೆ. ಮೊದಲು ಕಣ್ಣು: ಲಾರಿ ಬಿಟ್ಟು, ತಿರುವು ಮುಗಿಯುವ ಕಡೆಗೆ ತಲೆಯನ್ನೇ ತಿರುಗಿಸಿ. ಮರುಕ್ಷಣ ಒಳಗಿನ ಕೈಯಿಂದ ಹ್ಯಾಂಡಲ್ ಒತ್ತಿ, ಇನ್ನೂ ಒತ್ತಿ. ಬೈಕ್ ವಾಲುತ್ತದೆ, ನಿಮಗೆ ಬಿದ್ದೇ ಹೋದೆ ಅನಿಸುತ್ತದೆ, ಆದರೂ ಒತ್ತಿ. ಥ್ರಾಟಲ್ ಬಿಡುವುದಾದರೆ ಮೆಲ್ಲಗೆ. ಬ್ರೇಕ್ ಬೇಕಾದರೆ ಮುಂದಿನದು, ಬೆರಳ ತುದಿಯ ಬಿಗಿಯಲ್ಲಿ. ಮುಂದೆ ನೇರ ಜಾಗ ಖಾಲಿ ಇದ್ದರೆ ಇನ್ನೊಂದು ದಾರಿ ಇದೆ: ಬೈಕನ್ನು ನೆಟ್ಟಗೆ ಮಾಡಿ, ಆಮೇಲೆ ಗಟ್ಟಿ ಬ್ರೇಕ್. ಎರಡನ್ನೂ ಬೆರೆಸಬೇಡಿ.

ಇನ್ನು ಉಳಿದದ್ದು ಬೈಕ್ ಮತ್ತು ಟೈರ್. ಸಣ್ಣ ಬೈಕಿಗೆ ವಾಪಸ್ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. 400 ಸಿಸಿ ಕಲಿಯಲು ಹದವಾದದ್ದೇ. ಟೈರನ್ನು ಅಂಚು ಸವೆದಿಲ್ಲ ಎಂದು ಬದಲಿಸಬೇಡಿ, ಆದರೆ ಅದರ ವಯಸ್ಸು ನೋಡಿ. ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ, ರಬ್ಬರ್ ಗಟ್ಟಿಯಾಗಿದ್ದರೆ, ಅಥವಾ ನಡುಭಾಗ ಮಾತ್ರ ಸವೆದು ಚಪ್ಪಟೆಯಾಗಿದ್ದರೆ ಬದಲಿಸಿ. ಗಾಳಿಯನ್ನು ಟೈರ್ ತಣ್ಣಗಿರುವಾಗ, ಪುಸ್ತಕದಲ್ಲಿ ಹೇಳಿದಷ್ಟೇ ಹಾಕಿಸಿ. ಟ್ರ್ಯಾಕ್‌ನಲ್ಲಿ ಕೆಲವು ಟೈರಿಗೆ ಗಾಳಿ ಇಳಿಸುವುದುಂಟು. ಅಲ್ಲಿಂದ ಹೊರಡುವ ಮುನ್ನ ಮತ್ತೆ ತುಂಬಿಸಿಕೊಳ್ಳುವುದನ್ನು ಮರೆತು ಮನೆಗೆ ಹೊರಟವರನ್ನು ನೋಡಿದ್ದೇನೆ, ಅದಕ್ಕೇ ಹೇಳಿದೆ.